ಊಟಿಯಲ್ಲಿ ಮೂರು ರಾತ್ರಿ, ನಮ್ಮದೇ ಒಲೆ

ಹೊರಡುವ ಹಿಂದಿನ ರಾತ್ರಿ ಐದು ಲೀಟರಿನ ಕುಕ್ಕರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿ ಇಡುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಅಲ್ಲಿಗೂ ಇದೇ ಬರುತ್ತದೆಯೇ?" ಎಂದಳು. ಅವಳ ದನಿಯಲ್ಲಿ ದೂರಿರಲಿಲ್ಲ, ದಣಿವಿತ್ತು. ಆ ಮಾತು ಪ್ರವಾಸ ಮುಗಿಯುವವರೆಗೂ ನನ್ನ ಕಿವಿಯಲ್ಲಿತ್ತು.

ಅಮ್ಮ ಊಟಿಗೆ ಹೋಗುತ್ತಿದ್ದದ್ದು ಎರಡನೆಯ ಸಲ. ಮೊದಲ ಸಲ ಹೋದದ್ದು 1978ರಲ್ಲಿ, ಮದುವೆಯಾದ ಮರುವರ್ಷ, ಅಪ್ಪನ ಮನೆಯವರ ಜೊತೆ. ಹನ್ನೊಂದು ಜನ ಒಂದು ಛತ್ರದಲ್ಲಿ ಇಳಿದುಕೊಂಡಿದ್ದರಂತೆ. ಮೊಗಸಾಲೆಯ ಮೂಲೆಯಲ್ಲಿ ಪಂಪ್ ಸ್ಟೌ ಹಚ್ಚಿಕೊಂಡು ಹೊಸ ಸೊಸೆ ಮೂರು ಹೊತ್ತೂ ಬೇಯಿಸಿದ್ದಳು. ಎಲ್ಲರೂ ಸಸ್ಯೋದ್ಯಾನಕ್ಕೆ ಹೋದ ಮಧ್ಯಾಹ್ನ ಅವಳು ರಾತ್ರಿಯ ಅಡುಗೆಗೆ ಅವರೆಕಾಳು ಹಿದುಕುತ್ತಿದ್ದಳು. "ಊಟಿ ನೋಡಿದ್ದೀಯಾ?" ಎಂದು ಯಾರಾದರೂ ಕೇಳಿದರೆ ಅಮ್ಮ ಈಗಲೂ ಹೇಳುವುದು ಒಂದೇ ಮಾತು: "ಚಳಿ ಇತ್ತು."

ನಾವು ಆರು ಜನ. ನಾನು, ಇವರು, ಎಂಟನೆಯ ತರಗತಿಯ ಮಗ, ಐದನೆಯ ತರಗತಿಯ ಮಗಳು, ಅತ್ತೆ ಮತ್ತು ಅಮ್ಮ. ಅತ್ತೆಗೆ ಸಕ್ಕರೆ ಕಾಯಿಲೆ. ಊಟದ ಹೊತ್ತು ತಪ್ಪುವಂತಿಲ್ಲ. ಹೋಟೆಲಿನ ಊಟ ಎರಡು ದಿನ ಸತತ ಮಾಡಿದರೆ ಅಮ್ಮನಿಗೆ ಹೊಟ್ಟೆ ಕೆಡುತ್ತದೆ. ಕೈಯಲ್ಲಿದ್ದದ್ದು ಇಪ್ಪತ್ತೈದು ಸಾವಿರ ರೂಪಾಯಿ. ಆರು ಜನರಿಗೆ ಎರಡು ಕೋಣೆ ಹಿಡಿದು ಮೂರು ಹೊತ್ತೂ ಹೊರಗೆ ತಿಂದರೆ ಊಟಕ್ಕೇ ದಿನಕ್ಕೆ ನಾಲ್ಕು ಸಾವಿರದವರೆಗೆ ಹೋಗುತ್ತದೆ ಎಂಬ ಲೆಕ್ಕ ಹಾಕಿದ ಮೇಲೆ, ಅಡುಗೆಮನೆ ಇರುವ ಕಾಟೇಜ್ ಬಿಟ್ಟು ಬೇರೆ ದಾರಿ ಉಳಿಯಲಿಲ್ಲ. ಆದರೆ ನಾವೇ ಬೇಯಿಸಿಕೊಳ್ಳುವ ರಜೆ ಯಾರಿಗೆ ರಜೆ? 1978ರ ಮೊಗಸಾಲೆ ಮತ್ತೆ ನನ್ನ ಕೈಯಿಂದಲೇ ಅಮ್ಮನಿಗೆ ಸಿಗಬಾರದು ಎಂದು ಹೊರಡುವ ಮೊದಲೇ ತೀರ್ಮಾನಿಸಿದ್ದೆ.

ಊರಿನಿಂದ ನಾಲ್ಕು ಕಿಲೋಮೀಟರ್ ದೂರದ ಗುಡ್ಡದ ಮೇಲೆ, ಸಾಲು ಕಾಟೇಜುಗಳಿರುವ ಒಂದು ರೆಸಾರ್ಟ್ ಸಿಕ್ಕಿತು. ಎರಡು ಮಲಗುವ ಕೋಣೆ, ಒಂದು ಅಡುಗೆಮನೆ, ರಾತ್ರಿಗೆ 3,800 ರೂಪಾಯಿ. ದಸರಾ ಮೆರವಣಿಗೆ ಮುಗಿದ ಮೇಲಿನ ಸೋಮವಾರದಿಂದ ಗುರುವಾರದವರೆಗೆ ಹಿಡಿದದ್ದರಿಂದ ಈ ಬೆಲೆ. ಅದೇ ಕಾಟೇಜಿಗೆ ಶನಿವಾರ, ಭಾನುವಾರ ಐದೂವರೆ ಸಾವಿರ ಹೇಳಿದ್ದರು. ಫೋಟೋದಲ್ಲಿ ಅಡುಗೆಮನೆ ಥಳಥಳ ಹೊಳೆಯುತ್ತಿತ್ತು. ಅದನ್ನು ನಂಬದೆ ಫೋನ್ ಮಾಡಿ ಒಂದೊಂದಾಗಿ ಕೇಳಿದೆ. ಒಲೆ ಗ್ಯಾಸಿನದೋ ಕರೆಂಟಿನದೋ, ಎಷ್ಟು ಬರ್ನರ್, ಪಾತ್ರೆಗಳು ಎಷ್ಟು ಜನರಿಗೆ ಸಾಲುತ್ತವೆ, ಕುಡಿಯುವ ನೀರು ಎಲ್ಲಿಂದ, ಬಿಸಿನೀರು ಎಷ್ಟು ಹೊತ್ತು, ಗ್ಯಾಸಿಗೆ ಬೇರೆ ದುಡ್ಡು ಉಂಟೇ. "ಎಲ್ಲ ಇದೆ ಮೇಡಂ, ಎಲ್ಲ ಸೇರಿಯೇ ಬಾಡಿಗೆ" ಎಂದರು. ಅದನ್ನೇ ವಾಟ್ಸಾಪಿನಲ್ಲಿ ಬರೆದು ಕಳುಹಿಸಲು ಕೇಳಿಕೊಂಡೆ, ಕಳುಹಿಸಿದರು. ಆ ಎರಡು ಸಾಲು ಮುಂದೆ ನನ್ನ ನೆರವಿಗೆ ಬಂದವು.

ಅಣ್ಣನ ಏಳು ಸೀಟಿನ ಕಾರು ಕೇಳಿ ತಂದೆವು. ಸ್ವಂತ ವಾಹನದಲ್ಲಿ ಊಟಿಗೆ ಹೋಗುವವರಿಗೆ 2024ರ ಮೇ 7ರಿಂದ ಇ-ಪಾಸ್ ಬೇಕು. ಮದರಾಸು ಹೈಕೋರ್ಟಿನ ಆದೇಶದಂತೆ ಬಂದ ನಿಯಮ ಅದು. ಕಾರಿನ ನಂಬರು, ಎಷ್ಟು ಜನ, ಎಂದಿನಿಂದ ಎಂದಿನವರೆಗೆ, ಎಲ್ಲಿ ಉಳಿಯುತ್ತೇವೆ ಎಂದು ತುಂಬಿದರೆ ಮೊಬೈಲಿಗೇ ಬರುತ್ತದೆ, ದುಡ್ಡಿಲ್ಲ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಇದರ ತೊಂದರೆಯಿಲ್ಲ.

ಸಾಮಾನು ಕಟ್ಟುವುದಕ್ಕೇ ಒಂದು ಸಂಜೆ ಹಿಡಿಯಿತು. ನೀಲಗಿರಿ ಜಿಲ್ಲೆಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷಿದ್ಧ. ಹಾಗಾಗಿ ಅಕ್ಕಿ, ಬೇಳೆ, ರವೆ, ಅವಲಕ್ಕಿ ಎಲ್ಲವನ್ನೂ ಕವರಿನಿಂದ ತೆಗೆದು ಬಟ್ಟೆಯ ಚೀಲಕ್ಕೂ ಸ್ಟೀಲ್ ಡಬ್ಬಿಗೂ ತುಂಬಿದೆ. ರುಬ್ಬುವ ಯಂತ್ರ ಅಲ್ಲಿ ಇರುವುದಿಲ್ಲ ಎಂದುಕೊಂಡು ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಇಟ್ಟೆ. ಜೊತೆಗೆ ನಮ್ಮ ಕುಕ್ಕರ್, ಒಂದು ಹರಿತವಾದ ಚಾಕು, ಕಾಫಿ ಫಿಲ್ಟರ್, ಎರಡು ಪಾತ್ರೆ ಒರೆಸುವ ಬಟ್ಟೆ, ಬೆಂಕಿಪೊಟ್ಟಣ. ದೋಸೆಹಿಟ್ಟನ್ನು ಅತ್ತೆ ಸ್ಟೀಲ್ ಕ್ಯಾನಿಗೆ ಹಾಕಿದರು. ಈ ದಿನಸಿಗೆಲ್ಲ ಸೇರಿ 1,100 ರೂಪಾಯಿ ಆಗಿತ್ತು.

ಡಿಕ್ಕಿ ಮುಚ್ಚುವ ಮೊದಲು ಎಲ್ಲರನ್ನೂ ಕೂರಿಸಿ ನನ್ನ ನಿಯಮ ಹೇಳಿದೆ. ಬೆಳಗಿನ ತಿಂಡಿ ಇವರದು ಮತ್ತು ಮಗನದು. ರಾತ್ರಿಯ ಅಡುಗೆ ನನ್ನದು ಮತ್ತು ಮಗಳದು. ಮಧ್ಯಾಹ್ನಕ್ಕೆ ಬುತ್ತಿ, ಇಲ್ಲವೇ ಹೊರಗೆ. ಪಾತ್ರೆ ತೊಳೆಯುವುದು ಮಕ್ಕಳು. ಅತ್ತೆ, ಅಮ್ಮ ಇಬ್ಬರೂ ಅಡುಗೆಮನೆಗೆ ಬರುವಂತಿಲ್ಲ. ಅತ್ತೆ ನಕ್ಕು, "ನಮ್ಮನ್ನು ಹೊರಗೆ ಕೂರಿಸುತ್ತೀಯಾ?" ಎಂದರು. "ಹೌದು ಅತ್ತೆ, ವರಾಂಡದಲ್ಲಿ, ಶಾಲು ಹೊದೆಸಿ" ಎಂದೆ. ಅಮ್ಮ ಏನೂ ಹೇಳಲಿಲ್ಲ.

ಸೋಮವಾರ ಬೆಳಗ್ಗೆ ಆರಕ್ಕೆ ಮೈಸೂರಿನಿಂದ ಹೊರಟು ನಂಜನಗೂಡು, ಗುಂಡ್ಲುಪೇಟೆ ದಾಟಿ ಬಂಡೀಪುರ ಸೇರಿದೆವು. ಕೆಕ್ಕನಹಳ್ಳದ ತಪಾಸಣಾ ಠಾಣೆಯಲ್ಲಿ ಡಿಕ್ಕಿ ತೆಗೆಸಿ ನೋಡಿದರು. ಗುಂಡ್ಲುಪೇಟೆಯಲ್ಲಿ ಮಕ್ಕಳು ಕೊಂಡಿದ್ದ ಎರಡು ನೀರಿನ ಬಾಟಲಿಗಳು ಅಲ್ಲೇ ಉಳಿದವು; ಸ್ಟೀಲ್ ಡಬ್ಬಿಗಳ ಸಾಲನ್ನು ಕಂಡ ಸಿಬ್ಬಂದಿ ತಲೆಯಾಡಿಸಿ ಬಿಟ್ಟರು. ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಮಸಿನಗುಡಿಯ ಮೂಲಕ ಹೋದರೆ ಹತ್ತಿರ, ಆದರೆ ಕಲ್ಲಟ್ಟಿ ಘಾಟಿಯ 36 ಕಡಿದಾದ ತಿರುವುಗಳು. ಬೆಟ್ಟದ ದಾರಿಯಲ್ಲಿ ಇವರಿಗೆ ಅಭ್ಯಾಸವಿಲ್ಲ, ಕಾರೂ ನಮ್ಮದಲ್ಲ. ಗೂಡಲೂರಿನ ದಾರಿಯನ್ನೇ ಹಿಡಿದೆವು. ಕಾಡಿನಲ್ಲಿ ಎಲ್ಲೂ ನಿಲ್ಲಿಸದೆ, ಗೂಡಲೂರು ದಾಟಿದ ಮೇಲೆ ಬುತ್ತಿಯ ಚಿತ್ರಾನ್ನ ಬಿಚ್ಚಿದೆವು.

ಕಾಟೇಜಿಗೆ ತಲುಪಿ ಚೀಲ ಇಳಿಸುವ ಮೊದಲು ನಾನು ಅಡುಗೆಮನೆಗೆ ಹೋದೆ. ಒಲೆಗೆ ಎರಡು ಬರ್ನರ್ ಇದ್ದವು, ಒಂದು ಹೊತ್ತಿಕೊಳ್ಳುತ್ತಿರಲಿಲ್ಲ. ಕುಕ್ಕರ್ ಮೂರು ಲೀಟರಿನದು, ರಬ್ಬರ್ ಸಡಿಲ. ಆರು ಜನರಿಗೆ ನಾಲ್ಕು ತಟ್ಟೆ. ಬಾಣಲೆಯ ತಳ ಕರಿಹಿಡಿದಿತ್ತು. ಎಲ್ಲದರ ಫೋಟೋ ತೆಗೆದುಕೊಂಡು ಕಚೇರಿಗೆ ಹೋದರೆ, ಅಲ್ಲಿ ಹೊಸ ಲೆಕ್ಕ: ಗ್ಯಾಸಿಗೆ ದಿನಕ್ಕೆ 200, ರೂಮ್ ಹೀಟರಿಗೆ ರಾತ್ರಿಗೆ 300. ಮೈಯೆಲ್ಲ ಉರಿಯಿತು. ಆದರೂ ದನಿ ಏರಿಸದೆ ವಾಟ್ಸಾಪಿನ ಆ ಎರಡು ಸಾಲು ತೋರಿಸಿದೆ. ವ್ಯವಸ್ಥಾಪಕರು ಓದಿ, ಗ್ಯಾಸಿನ ದುಡ್ಡು ಬಿಟ್ಟರು. ಹೀಟರಿನ ಮಾತು ನಾನು ಮೊದಲೇ ಕೇಳಿರಲಿಲ್ಲ, ಅದು ಕೊಡಲೇಬೇಕಾಯಿತು. ಹಿರಿಯರ ಕೋಣೆಗೆ ಮಾತ್ರ, ಎರಡು ರಾತ್ರಿ ತೆಗೆದುಕೊಂಡೆವು. ಮೇಲ್ವಿಚಾರಣೆಯ ಹುಡುಗ ಬಂದು ಬರ್ನರನ್ನು ಸೂಜಿಯಿಂದ ಚುಚ್ಚಿ ಸರಿಮಾಡಿದ, ಪಕ್ಕದ ಕಾಟೇಜಿನಿಂದ ತಟ್ಟೆ ತಂದುಕೊಟ್ಟ. ಒಳ್ಳೆಯ ಹುಡುಗ. ಹೋಗುವಾಗ ಒಂದು ಮಾತು ಹೇಳಿದ: ಅಡುಗೆಯ ಕಸ ರಾತ್ರಿ ಹೊರಗೆ ಇಡಬೇಡಿ, ಕರಡಿ ಬರುತ್ತದೆ. ಮಕ್ಕಳು ಹಿಗ್ಗಿದರು, ಅತ್ತೆ ಕಿಟಕಿಯ ಚಿಲಕ ನೋಡಿದರು. ನೀಲಗಿರಿಯಲ್ಲಿ ಕರಡಿ, ಕಾಟಿ ಊರಿನೊಳಕ್ಕೆ ಬರುವುದು ಹೊಸದೇನಲ್ಲ. ಬೇಯಿಸಿ ಉಳಿದದ್ದನ್ನು ಹೊರಗೆ ಸುರಿಯುವ ನಮ್ಮಂಥವರೂ ಅವನ್ನು ಕರೆಯುತ್ತೇವೆ. ಆ ಮೂರು ರಾತ್ರಿಯೂ ಸಿಪ್ಪೆಗಳನ್ನು ಮುಚ್ಚಳದ ಬಕೆಟ್ಟಿನಲ್ಲಿ ಹಾಕಿ ಒಳಗೇ ಇಟ್ಟು, ಬೆಳಗ್ಗೆ ಅವನ ಕೈಗೆ ಕೊಟ್ಟೆವು.

ಸಂಜೆ ತರಕಾರಿಗೆ ಊರಿನ ಮಾರುಕಟ್ಟೆಗೆ ಹೋದೆವು. ಮಣ್ಣು ತೊಳೆದು ಗುಡ್ಡೆಹಾಕಿದ ಕ್ಯಾರೆಟ್, ಎಲೆಗಳ ಸಮೇತ ಬೀಟ್‌ರೂಟ್, ನವಿಲುಕೋಸು, ಬೀನ್ಸ್, ಬೆಳ್ಳುಳ್ಳಿ. ನಾನು ಬಾರದ ತಮಿಳಿನಲ್ಲಿ ತಡವರಿಸುತ್ತಿದ್ದಾಗ, ಬಿಳಿ ಬಟ್ಟೆ ತಲೆಗೆ ಕಟ್ಟಿದ ಒಬ್ಬ ಅಜ್ಜಿ ಪಕ್ಕದವಳೊಡನೆ ಮಾತಾಡುತ್ತಿದ್ದದ್ದು ಕಿವಿಗೆ ಬಿತ್ತು; ಅರ್ಧ ಅರ್ಥವಾಗುತ್ತಿತ್ತು! ನೀಲಗಿರಿಯ ಬಡಗರ ಮಾತು ಅದು. ತಮಿಳಿನ 'ಪಾಲ್' ಅಲ್ಲ, ನಮ್ಮಂತೆಯೇ 'ಹಾಲು'. ಅಮ್ಮ ಕನ್ನಡದಲ್ಲೇ ಕೇಳಿದಳು, ಅಜ್ಜಿ ತನ್ನ ಮಾತಿನಲ್ಲೇ ಉತ್ತರಿಸಿದಳು, ಇಬ್ಬರಿಗೂ ತೊಡಕಾಗಲಿಲ್ಲ. ಬಡಗಣ ದಿಕ್ಕಿನಿಂದ, ಎಂದರೆ ನಮ್ಮ ಕಡೆಯಿಂದ ಬಂದವರು ಎಂಬ ಹೆಸರನ್ನೇ ಹೊತ್ತ ಜನ ಅವರು. ಅಮ್ಮ ಅಲ್ಲಿ ಇಪ್ಪತ್ತು ನಿಮಿಷ ನಿಂತಳು. ಕೊಂಡದ್ದು ಒಂದು ಕಿಲೋ ಕ್ಯಾರೆಟ್ ಮಾತ್ರ.

ಆ ರಾತ್ರಿ ಕುಕ್ಕರ್ ನನಗೆ ಪಾಠ ಕಲಿಸಿತು. ಮನೆಯಲ್ಲಿ ತೊಗರಿಬೇಳೆಗೆ ಮೂರು ಕೂಗು ಸಾಕು. ಇಲ್ಲಿ ಮೂರು ಕೂಗಿನ ನಂತರ ತೆಗೆದರೆ ಬೇಳೆ ಹರಳು ಹರಳಾಗಿ ಕೂತಿತ್ತು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು ನೀರು ಬೇಗ ಕುದಿಯುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ. ಮೈಸೂರಿನಲ್ಲಿ ನೀರು 97 ಡಿಗ್ರಿಯ ಮೇಲೆ ಕುದಿದರೆ, 2,240 ಮೀಟರ್ ಎತ್ತರದ ಊಟಿಯಲ್ಲಿ 92, 93ಕ್ಕೇ ಕುದಿಯುತ್ತದೆ. ಬೇಗ ಕುದಿಯುವುದೆಂದರೆ ಬೇಗ ಬೇಯುವುದಲ್ಲ; ಕುದಿಯುವ ನೀರೇ ಅಷ್ಟು ತಣ್ಣಗೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುವ ಆಸೆ ಬಿಡಬೇಕು. ಕುಕ್ಕರಿನಲ್ಲೂ ಎರಡು ಕೂಗು ಹೆಚ್ಚು ಬೇಕು. ಕಾಳಾದರೆ ರಾತ್ರಿಯೆಲ್ಲ ನೆನೆಸಿರಬೇಕು. ಮಗಳಿಗೆ ಇದನ್ನೆಲ್ಲ ಹೇಳುತ್ತ ಬೇಳೆಯನ್ನು ಮತ್ತೆ ಒಲೆಯ ಮೇಲಿಟ್ಟೆ. ಅವಳು ಕೂಗು ಎಣಿಸುತ್ತ ಕೂತಳು.

ಚಹಾ ಕೂಡ ಅಲ್ಲಿ ಸಪ್ಪೆಯಾಯಿತು. ಎಲೆ ಸರಿಯಾಗಿ ರಸ ಬಿಡುವುದಿಲ್ಲ, ಹೆಚ್ಚು ಹೊತ್ತು ಬಿಡಬೇಕು. ಕಾಫಿಗೆ ಮಾತ್ರ ಯಾವ ಕೊರತೆಯೂ ಆಗಲಿಲ್ಲ. ಕುದಿ ಸ್ವಲ್ಪ ಇಳಿದ ನೀರನ್ನೇ ಡಿಕಾಕ್ಷನ್ ಬಯಸುತ್ತದೆ; ಊಟಿಯ ನೀರು ತಾನಾಗಿಯೇ ಆ ಹದದಲ್ಲಿ ಕುದಿಯುತ್ತದೆ.

ದೋಸೆಹಿಟ್ಟು ಮೊದಲ ದಿನ ಕಾರಿನ ಬಿಸಿಗೆ ಉಕ್ಕಿ ಬಂದಿತ್ತು. ಎರಡನೆಯ ದಿನಕ್ಕೆ ಉಳಿದ ಹಿಟ್ಟು ಮಲಗಿದಂತೆಯೇ ಇತ್ತು. ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಉಳಿಯಿತು. ಮರುದಿನ ಅತ್ತೆ ಉಪಾಯ ಹೇಳಿದರು: ಅನ್ನ ಮಾಡಿದ ಕುಕ್ಕರ್ ತೊಳೆದು, ಬೆಚ್ಚಗಿರುವಾಗಲೇ ಹೆಪ್ಪಿನ ಡಬ್ಬಿಯನ್ನು ಒಳಗಿಟ್ಟು ಮುಚ್ಚಿ, ಮೇಲೆ ಸ್ವೆಟರ್ ಸುತ್ತುವುದು. ಬೆಳಗ್ಗೆ ಗಟ್ಟಿ ಮೊಸರು. ಕುಳಿತಲ್ಲಿಂದಲೇ ಹೇಳಿದ ಉಪಾಯವಾದ್ದರಿಂದ ನಿಯಮ ಮುರಿದಂತಾಗಲಿಲ್ಲ.

ನಿಯಮ ಮುರಿದದ್ದು ಮಂಗಳವಾರ ನಸುಕಿನಲ್ಲೇ. ಐದೂವರೆಗೆ ಎಚ್ಚರವಾಗಿ ನೋಡಿದರೆ ಅಡುಗೆಮನೆಯಲ್ಲಿ ದೀಪ. ಅತ್ತೆ ಈರುಳ್ಳಿ ಹೆಚ್ಚುತ್ತಿದ್ದಾರೆ, ಅಮ್ಮ ರವೆ ಹುರಿಯುತ್ತಿದ್ದಾಳೆ. ಐಸಿನಂಥ ನೀರಿನಲ್ಲಿ ಪಾತ್ರೆ ತೊಳೆದು ಅಮ್ಮನ ಬೆರಳುಗಳು ಕೆಂಪಗಾಗಿದ್ದವು. "ನಿದ್ದೆ ಬರಲಿಲ್ಲ, ಸುಮ್ಮನೆ ಕೂರುವುದು ಹೇಗೆ?" ಎಂದಳು. ನನಗೆ ಅಳು ಬಂತು. "ಅಮ್ಮ, ನಿನ್ನನ್ನು ಇದಕ್ಕೆ ಕರೆತಂದದ್ದಲ್ಲ" ಎಂದೆ. ಎಲ್ಲರೂ ಎದ್ದು ಬಂದರು. ಇವರು ಒಂದು ಮಾತೂ ಆಡದೆ ಅಮ್ಮನ ಕೈಯಿಂದ ಸೌಟು ತೆಗೆದುಕೊಂಡರು. ಉಪ್ಪಿಟ್ಟು ತುಸು ಗಂಟಾಯಿತು. ಅತ್ತೆ ಎರಡನೆಯ ಸಲ ಬಡಿಸಿಕೊಂಡರು. ಅಂದಿನಿಂದ ಇವರು ರಾತ್ರಿ ಮಲಗುವ ಮುಂಚೆಯೇ ಈರುಳ್ಳಿ ಹೆಚ್ಚಿ ಡಬ್ಬಿಗೆ ಹಾಕಿಟ್ಟು, ಅಡುಗೆಮನೆಯ ಕೀಲಿಯನ್ನು ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡರು. ಬಿಸಿನೀರು ಬರುವ ಹೊತ್ತು ಏಳರಿಂದ ಒಂಬತ್ತು. ಪಾತ್ರೆಗಳನ್ನು ಆಗಲೇ ತೊಳೆಯುವುದೆಂದು ಮಗ ಗೊತ್ತುಮಾಡಿದ.

ಆ ದಿನ ಕೂನೂರಿಗೆ ಬೆಟ್ಟದ ರೈಲಿನಲ್ಲಿ ಹೋದೆವು. ಊಟಿಯವರೆಗೆ ಈ ಹಳಿ ಬಂದದ್ದು 1908ರಲ್ಲಿ. 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಡಿದಾದ ಏರಿನಲ್ಲಿ ಎಂಜಿನಿನ ಹಲ್ಲುಚಕ್ರ ಕಚ್ಚಿಕೊಳ್ಳುವ ಹಲ್ಲುಹಳಿ ಇರುವುದು ಕೂನೂರಿನಿಂದ ಕೆಳಗೆ, ಕಲ್ಲಾರಿನವರೆಗೆ. ಅದನ್ನು ನೋಡಬೇಕೆಂದು ಹಟ ಹಿಡಿದಿದ್ದ ಮಗನಿಗೆ ಕೂನೂರು ನಿಲ್ದಾಣದಲ್ಲಿ ತೋರಿಸಿದೆವು. ಲವ್‌ಡೇಲ್, ಕೇತಿ, ಮಂಜು, ಸುರಂಗ, ಮಕ್ಕಳ ಕೂಗು. ಬುತ್ತಿಯಲ್ಲಿ ಚಪಾತಿ ಮತ್ತು ಕ್ಯಾರೆಟ್ ಪಲ್ಯ. ಅತ್ತೆ ಒಂದು ಗಂಟೆಗೆ ಸರಿಯಾಗಿ ಊಟ ಮಾಡಿ ಮಾತ್ರೆ ತೆಗೆದುಕೊಂಡರು. ಅಡುಗೆಮನೆ ಇರುವ ಕಾಟೇಜಿಗೆ ಕೊಟ್ಟ ದುಡ್ಡು ಸಾರ್ಥಕವಾಯಿತು ಎಂದು ನನಗೆ ಅನಿಸಿದ್ದು ಆ ಹೊತ್ತಿನಲ್ಲಿ.

ಬುಧವಾರ ಬೆಳಗ್ಗೆಯಿಂದ ಮಳೆ. ದೊಡ್ಡಬೆಟ್ಟಕ್ಕೆ ಹೋದೆವು, ನೀಲಗಿರಿಯ ಅತಿ ಎತ್ತರದ ಜಾಗ, 2,637 ಮೀಟರ್. ಬಿಳಿ ಮೋಡ ಬಿಟ್ಟು ಏನೂ ಕಾಣಲಿಲ್ಲ. ಮಧ್ಯಾಹ್ನ ಹೊರಗೆ ಉಂಡೆವು. ಆರು ಊಟಕ್ಕೆ 1,380 ರೂಪಾಯಿ. ಬಿಲ್ಲು ನೋಡಿದ ಅಮ್ಮ ತನ್ನ ಅನ್ನವನ್ನು ಕೊನೆಯ ಅಗುಳಿನವರೆಗೆ ಮುಗಿಸಿದಳು. ಸಂಜೆ ಮಳೆ ನಿಂತ ಮೇಲೆ ಸಸ್ಯೋದ್ಯಾನಕ್ಕೆ ಬಂದಾಗ ಬಾಗಿಲು ಮುಚ್ಚಲು ಮುಕ್ಕಾಲು ಗಂಟೆ ಮಾತ್ರ ಇತ್ತು. 1848ರಲ್ಲಿ ಶುರುವಾದ ತೋಟ, ಇಳಿಜಾರಿನುದ್ದಕ್ಕೂ ಹಾಸಿದ ಹುಲ್ಲು, ಎರಡು ಕೋಟಿ ವರ್ಷ ಹಳೆಯದೆಂದು ಫಲಕ ಹಾಕಿರುವ ಕಲ್ಲಾದ ಮರದ ಕಾಂಡ. ಮಕ್ಕಳು ಆ ಕಾಂಡ ಮುಟ್ಟಿ ಮುಟ್ಟಿ ನೋಡಿದರು. ಅಮ್ಮ ಕೆಳಗಿನ ಬೆಂಚಿನ ಬಳಿಯೇ ನಿಂತು ಸುತ್ತ ನೋಡುತ್ತಿದ್ದಳು. ಸೀಟಿ ಊದಿದರು, ಹೊರಟೆವು.

ಗುರುವಾರ ಖಾಲಿ ಮಾಡುವಾಗ ಆ ಹುಡುಗ ಪಾತ್ರೆ ಎಣಿಸಿಕೊಂಡ. ನಾವು ಬಾಣಲೆಯ ಕರಿ ತಿಕ್ಕಿ ತೆಗೆದಿದ್ದೆವು. ನಮ್ಮ ನಂತರ ಬರುವ ಮನೆಯ ಹೆಂಗಸು ಅದನ್ನು ನೋಡಿ ನಿಟ್ಟುಸಿರು ಬಿಡಬಾರದು ಎಂದು ನನಗಿತ್ತು. ಉಳಿದ ಅಕ್ಕಿ, ಬೇಳೆಯನ್ನು ಅವನಿಗೇ ಕೊಟ್ಟೆವು. ಕಾರಿನಲ್ಲಿ ಕೂತು ಲೆಕ್ಕ ಹಾಕಿದೆ. ಬಾಡಿಗೆ, ಹೀಟರ್ ಸೇರಿ 12,000, ಪೆಟ್ರೋಲಿಗೆ 2,900, ಮನೆಯಿಂದ ತಂದ ದಿನಸಿ 1,100, ಅಲ್ಲಿ ಕೊಂಡ ಹಾಲು, ತರಕಾರಿ, ಬ್ರೆಡ್ಡು 1,640, ಹೊರಗಿನ ಊಟ, ತಿಂಡಿಗೆ 1,760, ರೈಲು, ಪ್ರವೇಶದ ಟಿಕೆಟುಗಳು 1,900, ವರ್ಕಿ ಬಿಸ್ಕತ್ತು, ನೀಲಗಿರಿ ಎಣ್ಣೆ, ಚಾಕೊಲೇಟು 1,200. ಒಟ್ಟು 22,500. ನಾಲ್ಕು ದಿನ ಆರು ಜನರ ಹೊಟ್ಟೆಗೆ ನಾಲ್ಕೂವರೆ ಸಾವಿರ ಆಗಿತ್ತು.

ಪಟ್ಟಿ ಮಡಿಸುವ ಹೊತ್ತಿಗೆ ಹಿಂದಿನ ಸೀಟಿನಿಂದ ಅಮ್ಮ ಕೇಳಿದಳು: "ಆ ತೋಟದಲ್ಲಿ ಇನ್ನೊಮ್ಮೆ ಕೂರಬಹುದೇ?"

ಬಂಡೀಪುರದ ದಾರಿ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. ಆಗ ಬೆಳಗಿನ ಹತ್ತೂವರೆ. ಪುಳಿಯೋಗರೆಯ ಡಬ್ಬಿ ಇವರು ಆಗಲೇ ಕಟ್ಟಿಟ್ಟಿದ್ದರು. ಕಾರು ತಿರುಗಿಸಿದೆವು. ಅಮ್ಮ, ಅತ್ತೆ ಇಬ್ಬರೂ ಒಂದೇ ಬೆಂಚಿನ ಮೇಲೆ, ಒಂದೇ ಶಾಲು ಮೊಣಕಾಲಿಗೆ ಹೊದ್ದು ಕೂತರು. ಬಿಸಿಲು ಬಂದಿತ್ತು. ಮಕ್ಕಳು ಇಳಿಜಾರಿನಲ್ಲಿ ಓಡಿದರು. ಒಂದು ಗಂಟೆಯಾದ ಮೇಲೆ ನಾನು ಹತ್ತಿರ ಹೋದಾಗ ಅಮ್ಮ ಏಳಲಿಲ್ಲ. ಪಕ್ಕಕ್ಕೆ ಸರಿದು ನನಗೂ ಜಾಗ ಮಾಡಿದಳು.